ಅಡುಗೆಮನೆಗೆ ಕೇಳಿಸಿದ ಲಾರಿ

ಕಿವಿಯಪ್ಪನಿಗೆ ಆ ಹೆಸರನ್ನು ಹೆತ್ತವರು ಇಟ್ಟದ್ದಲ್ಲ. ಅವರು ಇಟ್ಟ ಹೆಸರು ಬೇರೊಂದಿತ್ತು. ಅದೀಗ ಮತದಾರರ ಪಟ್ಟಿಯಲ್ಲಿ ಮಾತ್ರ ಉಳಿದುಕೊಂಡಿದೆ. ಮೂವತ್ತೈದು ವರ್ಷ ಲಾರಿಗಳ ಬಾನೆಟ್ಟಿನೊಳಗೆ ತಲೆ ತೂರಿಸಿ, ಎಂಜಿನ್ ಏನು ಹೇಳುತ್ತಿದೆ ಎಂದು ಕೇಳಿಸಿಕೊಂಡು, ಕೇಳಿಸಿಕೊಂಡದ್ದಕ್ಕೆ ತಕ್ಕಂತೆ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ಅತ್ತ ಇತ್ತ ತಿರುಗಿಸಿ ಸಂಪಾದಿಸಿದ ಹೆಸರು ಅದು.

ಗೊತ್ತಿಲ್ಲದವರಿಗೆ ಒಂದು ಮಾತು. ಪೆಟ್ರೋಲ್ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೇರಿ, ಒಳಗಿನ ಗಾಳಿ ಪೆಟ್ರೋಲುಗಳನ್ನು ಉಸಿರುಗಟ್ಟುವ ಹಾಗೆ ಒತ್ತಿ ಹಿಡಿಯುವ ಒಂದು ಗಳಿಗೆ ಬರುತ್ತದೆ. ಕಿಡಿ ಹಾರಬೇಕಾದದ್ದು ಆಗ. ತೀರ ಮುಂಚೆ ಹಾರಿದರೆ, ಏರು ಹತ್ತುವಾಗ ಒಳಗೆ ಯಾರೋ ಮೊಳೆ ಹೊಡೆದಂತೆ ಟಕಟಕ ಸದ್ದು. ಹಾಗೇ ಓಡಿಸಿದರೆ ಪಿಸ್ಟನ್ನಿಗೇ ತೂತು. ತಡವಾಗಿ ಹಾರಿದರೆ, ಮದುವೆ ಮುಗಿದ ಮೇಲೆ ಬಂದ ನೆಂಟನ ಹಾಗೆ, ಬಂದೂ ಪ್ರಯೋಜನವಿಲ್ಲ. ಎಂಜಿನ್ ಬಿಸಿಯಾಗಿ ಏದುಸಿರು ಬಿಡುತ್ತದೆ. ಇರುವ ಸಿಲಿಂಡರುಗಳಿಗೆಲ್ಲ ಸರದಿ ತಪ್ಪದೆ ಕಿಡಿ ಬಡಿಸುವ ಯಜಮಾನನೇ ಡಿಸ್ಟ್ರಿಬ್ಯೂಟರ್. ಅವನನ್ನು ಎಷ್ಟು ತಿರುಗಿಸಿ ಕೂರಿಸಿದ್ದೀರಿ ಎಂಬುದರ ಮೇಲೆ ಆ ಗಳಿಗೆ ನಿಂತಿದೆ. ಉಳಿದ ಮೆಕ್ಯಾನಿಕ್‌ಗಳು ಇದಕ್ಕೆ ಟೈಮಿಂಗ್ ಲೈಟ್ ಎಂಬ ಪಿಸ್ತೂಲಿನಂಥ ದೀಪ ಇಟ್ಟುಕೊಂಡಿರುತ್ತಾರೆ. ಅದನ್ನು ಮೊದಲನೇ ಪ್ಲಗ್ಗಿನ ತಂತಿಗೆ ಸಿಕ್ಕಿಸಿ, ಎಂಜಿನ್ನಿನ ಮುಂದೆ ತಿರುಗುವ ಪುಲ್ಲಿಯ ಮೇಲೆ ಬೆಳಕು ಬಿಟ್ಟರೆ, ಅಲ್ಲಿ ಕೊರೆದ ಗುರುತು ನಿಂತಂತೆ ಕಾಣುತ್ತದೆ. ಪಕ್ಕದಲ್ಲಿ ಎಂಜಿನ್ನಿಗೆ ಬಿಗಿದ ಮುಳ್ಳಿಗೆ ನೇರವಾಗಿ ನಿಂತರೆ ಸರಿ, ಇಲ್ಲದಿದ್ದರೆ ತಪ್ಪು.

ಕಿವಿಯಪ್ಪ ಆ ದೀಪವನ್ನು ಮುಟ್ಟಿದವನಲ್ಲ. "ಕಣ್ಣಿಲ್ಲದವನಿಗೆ ಕೋಲು, ಕಿವಿಯಿಲ್ಲದವನಿಗೆ ದೀಪ" ಎಂದು ಒಂದು ಗಾದೆಯನ್ನೇ ಕಟ್ಟಿದ್ದ. ಬಸ್ ಡಿಪೋದ ಸ್ಟೋರಿನಲ್ಲಿ ಕೆಲಸಕ್ಕಿದ್ದ ಮಗಳು ಎರಡು ವರ್ಷದ ಹಿಂದೆ ಅಪ್ಪನಿಗೆಂದು ಒಂದು ಟೈಮಿಂಗ್ ಲೈಟ್ ತಂದುಕೊಟ್ಟಿದ್ದಳು. ಹೆತ್ತ ಮಗಳ ಉಡುಗೊರೆ, ಎಸೆಯುವ ಹಾಗಿಲ್ಲ. ಕಪಾಟಿನಲ್ಲಿ ಕಂಬಳಿಗಳ ಕೆಳಗೆ ಸಮಾಧಿ ಮಾಡಿದ್ದ.

ಅವನ ಕೆಲಸದ ವೈಖರಿಯೇ ಬೇರೆ. ಶೆಡ್ಡಿನಲ್ಲಿದ್ದವರೆಲ್ಲ ಬಾಯಿ ಮುಚ್ಚಬೇಕು. ರೇಡಿಯೊ ನಿಲ್ಲಬೇಕು. ಚಹಾ ಕುಡಿಯುವವರು ಹೀರುವುದನ್ನು ತಡೆಹಿಡಿಯಬೇಕು. ಆಮೇಲೆ ಅವನು ಎಡಗೈಯನ್ನು ಮಡ್‌ಗಾರ್ಡಿನ ಮೇಲಿಟ್ಟು, ಕಣ್ಣು ಮುಚ್ಚಿ, ಬಲಗಿವಿಯನ್ನು ಎಂಜಿನ್ನಿಗೆ ಒಪ್ಪಿಸಿ, ಬಲಗೈಯಿಂದ ಡಿಸ್ಟ್ರಿಬ್ಯೂಟರನ್ನು ತಿರುಗಿಸುವನು. ತಿರುಗಿಸುವುದಕ್ಕೆ ಅರ್ಧ ನಿಮಿಷ ಸಾಕು. ಕಣ್ಣು ಮುಚ್ಚಿಕೊಂಡಿರುವುದು ಮಾತ್ರ ಐದು ನಿಮಿಷ. ಉಳಿದ ನಾಲ್ಕೂವರೆ ನಿಮಿಷ ಯಾತಕ್ಕೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಕೊನೆಗೆ "ಹೂಂ" ಎಂದು ಬೋಲ್ಟ್ ಬಿಗಿದು, ಬಾನೆಟ್ಟನ್ನು ಧಡಾರನೆ ಮುಚ್ಚಿ, ಶೆಡ್ಡಿನ ಹಿಂದೆಯೇ ಇದ್ದ ಮನೆಗೆ ಹೋಗಿ ಕೈ ತೊಳೆಯುವನು. ಹೊತ್ತಿಗೆ ಸರಿಯಾಗಿ ಹೆಂಡತಿ ಬಿಸಿ ಚಹಾ ಇಟ್ಟಿರುವಳು. ಅದು ಹೇಗೆ ಯಾವತ್ತೂ ಆರಿರುವುದಿಲ್ಲ ಎಂದು ಅವನು ಮೂವತ್ತು ವರ್ಷದಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲ. ದೊಡ್ಡ ಮನುಷ್ಯರು ಚಹಾದ ಬಗ್ಗೆ ಯೋಚಿಸುವುದಿಲ್ಲ.

ಕಾಲ ಕೆಟ್ಟಿತು. ಡೀಸೆಲ್ ಲಾರಿಗಳು ಬಂದವು, ಅವುಗಳಲ್ಲಿ ಡಿಸ್ಟ್ರಿಬ್ಯೂಟರೇ ಇಲ್ಲ. ಹೊಸ ಕಾರುಗಳು ಬಂದವು, ಅವುಗಳ ಕಿಡಿಯನ್ನು ಯಾವುದೋ ಪೆಟ್ಟಿಗೆ ನೋಡಿಕೊಳ್ಳುತ್ತದೆ. ಕೇಳಿಸಿಕೊಳ್ಳಬೇಕಾದ ಎಂಜಿನ್ನುಗಳು ಕಡಿಮೆಯಾದಷ್ಟೂ ಕಿವಿಯಪ್ಪನ ಕಿವಿಯ ಕೀರ್ತಿ ಹೆಚ್ಚಿತು. ಹುಲಿಗಳು ಕಾಡಿನಿಂದ ಮಾಯವಾದ ಮೇಲೆ ಬೇಟೆಗಾರನ ಕಥೆಗಳಲ್ಲಿ ಹುಲಿಗಳು ಹೆಚ್ಚಾಗುವುದಿಲ್ಲವೆ, ಹಾಗೆ.

ಇಷ್ಟಾಗಿ ಒಂದು ಗುಟ್ಟು ಉಳಿಯಿತು. ಕಳೆದ ಒಂದು ವರ್ಷದಿಂದ ಕಿವಿಯಪ್ಪನಿಗೆ ಕಿವಿ ಕೇಳಿಸುತ್ತಿರಲಿಲ್ಲ.

ಪೂರ್ತಿ ಕಿವುಡೇನಲ್ಲ. ಮುಖಕ್ಕೆ ಮುಖ ಕೊಟ್ಟು ಆಡಿದ ಮಾತು ಕೇಳಿಸುತ್ತಿತ್ತು. ಆದರೆ ಸಣ್ಣ ಸದ್ದುಗಳು ಒಂದೊಂದಾಗಿ ಹೇಳದೆ ಕೇಳದೆ ಎದ್ದು ಹೋಗಿದ್ದವು: ಗಡಿಯಾರದ ಟಿಕ್‌ಟಿಕ್, ನಲ್ಲಿಯ ತೊಟ್ಟು, ವಾಲ್ವಿನ ಪಿಸುಮಾತು. ಈ ವರ್ಷ ಶೆಡ್ಡಿಗೆ ಬಂದ ನಾಲ್ಕಾರು ಪೆಟ್ರೋಲ್ ಎಂಜಿನ್ನುಗಳನ್ನು ಬೋಲ್ಟಿನ ಹಳೆಯ ಗುರುತಿಗೇ ಬಿಗಿದು ದಾಟಿಸಿದ್ದ. ಕಿವುಡನ್ನು ಮಾತ್ರ ಒಪ್ಪಿಕೊಳ್ಳಲಿಲ್ಲ. "ಈಗಿನ ಜನಕ್ಕೆ ಮೈಯಲ್ಲಿ ಕಸುವೇ ಇಲ್ಲ. ಬಾಯೊಳಗೇ ಮಾತಾಡ್ತಾರೆ" ಎನ್ನುತ್ತಿದ್ದ. ಹೆಂಡತಿಯೊಬ್ಬಳಿಗೆ ಗೊತ್ತಿತ್ತು.

"ರೀ, ಒಂದ್ಸಲ ಕಿವಿ ಡಾಕ್ಟ್ರಿಗೆ ತೋರಿಸ್ಕೊಂಡು ಬರಬಾರ್ದಾ?"

"ಕಿವಿಯಪ್ಪ ಕಿವಿ ಡಾಕ್ಟ್ರ ಹತ್ರ ಹೋದ ಅಂತ ಬೀದಿಲಿ ಗೊತ್ತಾದ್ರೆ ಏನ್ ಕಥೆ? ಬೇಕಾದ್ರೆ ಆ ಡಾಕ್ಟ್ರೇ ತನ್ನ ಕಾರ್ ತಗೊಂಡು ನನ್ನ ಹತ್ರ ಬರ್ಲಿ."

"ಅವ್ರ ಕಾರಲ್ಲಿ ಡಿಸ್ಟ್ರಿಬ್ಯೂಟ್ರೇ ಇಲ್ಲ."

ಈ ಮಾತು ಅವನಿಗೆ ಸ್ಪಷ್ಟವಾಗಿ ಕೇಳಿಸಿತು. ಕೇಳಿಸಲಿಲ್ಲವೆಂಬಂತೆ ಎದ್ದು ಹೋದ. ಕಿವುಡಿನಿಂದ ಅವನಿಗೆ ಆದ ಏಕೈಕ ಅನುಕೂಲ ಅದು.

ಹೀಗಿರುವಾಗ ಸನ್ಮಾನ ಬಂದೊದಗಿತು. ಪೆಟ್ರೋಲ್ ವಾಹನ ಚಾಲಕರ ಹಾಗೂ ದುರಸ್ತಿಗಾರರ ಸಂಘ ಎಂಬುದೊಂದಿತ್ತು. ಸದಸ್ಯರು ಇಪ್ಪತ್ತಮೂರು, ಅವರಲ್ಲಿ ಪೆಟ್ರೋಲ್ ವಾಹನ ಇನ್ನೂ ಉಳಿಸಿಕೊಂಡವರು ಒಂಬತ್ತು. ಸಂಘದ ಕಾರ್ಯದರ್ಶಿ ಬಿಡಿಭಾಗಗಳ ಅಂಗಡಿಯವನು. ಮೈಕ್ ಕಂಡರೆ ಬೆಕ್ಕು ಹಾಲು ಕಂಡಂತೆ ಆಡುವವನು. ಭಾನುವಾರ ಬೆಳಿಗ್ಗೆ ಸಂಘದ ಸಭಾಂಗಣದಲ್ಲಿ ಕಿವಿಯಪ್ಪನಿಗೆ ಮರದ ಫಲಕ ಕೊಡುವುದೆಂದು ಅವನು ಗೊತ್ತುಮಾಡಿದ್ದ.

"ಬರೀ ಫಲಕ ಅಲ್ಲ ಸ್ವಾಮಿ. ಸಭಾಂಗಣದ ಅಂಗಳದಲ್ಲೇ ಒಂದು ಪ್ರಾತ್ಯಕ್ಷಿಕೆ! ತಾವು ಕಿವಿಯಿಂದ ಟೈಮಿಂಗ್ ಇಡೋದು, ನಾನು ಆಮೇಲೆ ಲೈಟ್ ಹಿಡಿದು ಜನಕ್ಕೆ ತೋರ್ಸೋದು. ಒಂದೇ ಒಂದು ಡಿಗ್ರಿ ಆಚೀಚೆ ಇರಲ್ಲ ಅಂತ ನಾನೇ ಎಲ್ರಿಗೂ ಮಾತು ಕೊಟ್ಟಿದೀನಿ."

ಸಭಾಂಗಣದ ಬಾಗಿಲಲ್ಲೇ ಟೈಮಿಂಗ್ ಲೈಟುಗಳನ್ನು ಮಾರಾಟಕ್ಕೆ ಇಡುವ ಯೋಚನೆಯೂ ಅವನಿಗಿತ್ತು. ಕಿವಿಗೆ ಸನ್ಮಾನ ಮಾಡಿ ದೀಪ ಮಾರುವುದರಲ್ಲಿ ಅವನಿಗೆ ಯಾವ ವಿರೋಧಾಭಾಸವೂ ಕಾಣಿಸಲಿಲ್ಲ.

ಕಿವಿಯಪ್ಪ "ಇಂಥದ್ದೆಲ್ಲ ಯಾಕೆ" ಎಂದ. ಬೇಡ ಎನ್ನಲಿಲ್ಲ. ಮೂವತ್ತೈದು ವರ್ಷದ ಹೆಸರು. ಬೇಡವೆಂದರೆ ಯಾಕೆ ಬೇಡ ಎಂದು ಹೇಳಬೇಕಾಗುತ್ತದೆ.

ಪ್ರಾತ್ಯಕ್ಷಿಕೆಗೆ ಆರಿಸಿದ ಲಾರಿ ಭಾವಮೈದನದು. ಕಿವಿಯಪ್ಪನ ಹೆಂಡತಿಯ ತಮ್ಮನಾದ ಅವನು ಸಭೆ ಸಮಾರಂಭಗಳಿಗೆ ಕುರ್ಚಿ ಮೇಜು ಬಾಡಿಗೆಗೆ ಕೊಡುವವನು. ಅವರಪ್ಪ ಬಿಟ್ಟುಹೋದ ಆರು ಸಿಲಿಂಡರಿನ ಹಳೆಯ ಪೆಟ್ರೋಲ್ ಲಾರಿಯಲ್ಲೇ ಇನ್ನೂ ಕುರ್ಚಿ ಸಾಗಿಸುತ್ತಿದ್ದ. ಭಾನುವಾರದ ಸಭೆಗೂ ಇನ್ನೂರು ಕುರ್ಚಿ ಅದರಲ್ಲೇ ಹೋಗಬೇಕು. ಅಂಥ ಲಾರಿ ಶುಕ್ರವಾರ ಮಧ್ಯಾಹ್ನ ಇನ್ನೊಂದು ಲಾರಿಗೆ ಹಗ್ಗ ಕಟ್ಟಿಸಿಕೊಂಡು, ಕದ್ದು ಮೇಯ್ದು ಸಿಕ್ಕಿಬಿದ್ದ ಹಸುವಿನ ಹಾಗೆ, ಶೆಡ್ಡಿಗೆ ಬಂತು. ಡಿಸ್ಟ್ರಿಬ್ಯೂಟರಿನ ಕಡ್ಡಿ ಸವೆದು ಲೊಡಲೊಡ ಅಲ್ಲಾಡುತ್ತಿತ್ತು. ಹೊಸದೇ ಹಾಕಬೇಕು. ಕಾರ್ಯದರ್ಶಿಯ ಅಂಗಡಿಯಲ್ಲಿ ಅದೃಷ್ಟಕ್ಕೆ ಒಂದು ಇತ್ತು.

ಶನಿವಾರ ಬೆಳಿಗ್ಗೆ ಭಾವಮೈದ ಹೊಸ ಡಿಸ್ಟ್ರಿಬ್ಯೂಟರಿನ ಪೆಟ್ಟಿಗೆ ಹಿಡಿದು ಬಂದ.

"ಭಾವ, ಅವತ್ತು ನೀವು ಈ ಲಾರಿ ರಿಪೇರಿ ಮಾಡ್ತೀನಿ ಅಂತ ನಮ್ಮನೇಗೆ ಬಂದ್ರಿ, ಅಕ್ಕನ್ನ ಕರ್ಕೊಂಡು ಹೋದ್ರಿ. ಮೂವತ್ತು ವರ್ಷ ಆಯ್ತು, ಲಾರಿ ರಿಪೇರಿ ಇನ್ನೂ ಮುಗಿದಿಲ್ಲ."

"ನಿಮ್ಮಕ್ಕನ್ನ ವಾಪಸ್ ಕೊಡ್ಲಾ?"

"ಬೇಡಪ್ಪಾ. ಲಾರಿನೇ ಸಾಕು."

ಡಿಸ್ಟ್ರಿಬ್ಯೂಟರ್ ಬದಲಿಸುವುದಕ್ಕೆ ಒಂದು ಕ್ರಮವಿದೆ. ಹಳೆಯದನ್ನು ಕೀಳುವ ಮುಂಚೆ ಅದರೊಳಗಿನ ರೋಟರ್ ಎಂಬ ತಿರುಗುವ ತುಂಡು ಎತ್ತ ಮುಖ ಮಾಡಿದೆ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಳ್ಳಬೇಕು. ಹೊಸದನ್ನು ಹಾಕುವ ತನಕ ಎಂಜಿನ್ ತಿರುಗಿಸಬಾರದು. ಇದನ್ನು ಕಿವಿಯಪ್ಪ ಎಷ್ಟೋ ಜನಕ್ಕೆ ಹೇಳಿಕೊಟ್ಟಿದ್ದ. ತಾನು ಮಾತ್ರ ಪಾಲಿಸುತ್ತಿರಲಿಲ್ಲ. ಗುರುತು ಹಾಕುವುದು ಮರೆಗುಳಿಗಳ ಕೆಲಸ ಎಂದು ಅವನ ಅಭಿಪ್ರಾಯ. ತಂತಿಗಳನ್ನು ಬಿಚ್ಚಿ, ಬೋಲ್ಟ್ ಸಡಿಲಿಸಿ, ಹಳೆಯದನ್ನು ಹಲ್ಲು ಕಿತ್ತಂತೆ ಕಿತ್ತು ಬೆಂಚಿನ ಮೇಲಿಟ್ಟ. ಅವನು ಕೈ ಒರೆಸಿಕೊಳ್ಳುವಷ್ಟರಲ್ಲಿ ಭಾವಮೈದ, ಸುಮ್ಮನೆ ನಿಲ್ಲಲಾರದವನು, ಲಾರಿಯ ಮೂತಿಗೆ ಎಂಜಿನ್ ತಿರುಗಿಸುವ ಹ್ಯಾಂಡಲ್ ಹಾಕಿ ಗಿರಗಿರ ಎರಡು ಮೂರು ಸುತ್ತು ತಿರುಗಿಸಿಬಿಟ್ಟ.

"ಏನ್ ಮಾಡ್ದೆ ಮಹಾರಾಯ?"

"ಎಂಜಿನ್ ಜಾಮ್ ಆಗಿದ್ಯಾ ಅಂತ ನೋಡ್ದೆ ಭಾವ. ಆಗಿಲ್ಲ."

ಈಗ ಎಂಜಿನ್ ಎಲ್ಲಿದೆಯೋ ದೇವರಿಗೇ ಗೊತ್ತು. ಮೊದಲಿನಿಂದ ಹುಡುಕಬೇಕು. ಪ್ಲಗ್ಗುಗಳನ್ನೆಲ್ಲ ಬಿಚ್ಚಿ, ಹ್ಯಾಂಡಲ್ ತಿರುಗಿಸುತ್ತ, ಮೊದಲನೇ ಸಿಲಿಂಡರಿನ ಪಿಸ್ಟನ್ ಗಾಳಿಯನ್ನು ಒತ್ತಿಕೊಂಡು ಮೇಲೆ ಬರುವ ಸರದಿ ಹಿಡಿಯಬೇಕು. ಇಲ್ಲೊಂದು ಮೋಸವಿದೆ. ಪಿಸ್ಟನ್ ಎರಡು ಸಲ ಮೇಲೆ ಬರುತ್ತದೆ: ಒಮ್ಮೆ ಗಾಳಿ ಒತ್ತುವುದಕ್ಕೆ, ಇನ್ನೊಮ್ಮೆ ಸುಟ್ಟ ಹೊಗೆ ಆಚೆ ತಳ್ಳುವುದಕ್ಕೆ. ಎರಡು ಸಲವೂ ಪುಲ್ಲಿಯ ಗುರುತು ಅದೇ ಜಾಗದಲ್ಲಿ ಬಂದು ಸತ್ಯವಂತನ ಹಾಗೆ ನಿಲ್ಲುತ್ತದೆ. ಅದಕ್ಕೇ ಪ್ಲಗ್ಗಿನ ತೂತಿನ ಮೇಲೆ ಹೆಬ್ಬೆಟ್ಟು ಒತ್ತಿ ಹಿಡಿಯಬೇಕು. ಸರಿಯಾದ ಸರದಿಯಲ್ಲಿ ಗಾಳಿ ಹೆಬ್ಬೆಟ್ಟನ್ನು ತಳ್ಳುತ್ತದೆ. "ಗುರುತನ್ನ ನಂಬಬೇಡ, ಹೆಬ್ಬೆಟ್ಟನ್ನ ನಂಬು" ಎಂದು ಶೆಡ್ಡಿಗೆ ಬಂದವರಿಗೆಲ್ಲ ಕೂಗಿ ಕೂಗಿ ಹೇಳಿದವನು ಕಿವಿಯಪ್ಪನೇ. ಆದರೆ ಅವನಿಗೆ ಹೆಬ್ಬೆಟ್ಟು ಬೇಕಿರಲಿಲ್ಲ. ತೂತಿನಿಂದ 'ಫುಸ್' ಎಂದು ಗಾಳಿ ಹೊರಡುವ ಸದ್ದು ನಾಲ್ಕು ಹೆಜ್ಜೆ ದೂರದಿಂದಲೇ ಅವನಿಗೆ ಕೇಳಿಸುತ್ತಿತ್ತು. ಕೇಳಿಸುತ್ತಿತ್ತು, ಹಿಂದೆ.

"ತಿರುಗ್ಸು, ನಿಧಾನ" ಎಂದು ಬಲಗಿವಿ ಕೊಟ್ಟು ನಿಂತ. ಭಾವಮೈದ ತಿರುಗಿಸಿದ. ಗುರುತು ಬಂತು, ಹೋಯಿತು. ಕಿವಿಯಪ್ಪನಿಗೆ ಏನೂ ಕೇಳಿಸಲಿಲ್ಲ. ಕೇಳಿಸಲಿಲ್ಲ ಎಂದರೆ ಇದು ಹೊಗೆಯ ಸರದಿ, ಮುಂದಿನದೇ ಸರಿ ಎಂದು ಲೆಕ್ಕ ಹಾಕಿದ. ಮುಂದಿನ ಸಲ ಗುರುತು ಬಂದಾಗಲೂ ಏನೂ ಕೇಳಿಸಲಿಲ್ಲ. ಆದರೂ "ಸಾಕು, ನಿಲ್ಸು" ಎಂದ, ಮುಖದಲ್ಲಿ ಎಲ್ಲ ಕೇಳಿಸಿದ ಕಳೆ ತಂದುಕೊಂಡು.

ಹೊಸ ಡಿಸ್ಟ್ರಿಬ್ಯೂಟರ್ ಇಳಿಸುವುದರಲ್ಲಿ ಅವನ ಕೈಚಳಕ ಇನ್ನೂ ಮುಕ್ಕಾಗಿರಲಿಲ್ಲ. ಓರೆ ಹಲ್ಲಿನ ಗೇರು ಕಚ್ಚುವಾಗ ರೋಟರ್ ಸ್ವಲ್ಪ ಹೊರಳುತ್ತದೆ. ಅಷ್ಟನ್ನು ಮೊದಲೇ ಹಿಂದಕ್ಕೆ ಹಿಡಿದು ಬಿಟ್ಟರೆ ಕೆಳಗೆ ಕೂರುವಾಗ ಸರಿಯಾಗಿ ಮೊದಲನೇ ತಂತಿಯ ಕಡೆಗೆ ಮುಖ ಮಾಡುತ್ತದೆ. ಒಂದೇ ಏಟಿಗೆ ಕೂತಿತು. ಪ್ಲಗ್ಗು ಹಾಕಿ, ಆರು ತಂತಿಗಳನ್ನು ಸರದಿ ಪ್ರಕಾರ ಸಿಕ್ಕಿಸಿ, "ಹೊಡಿ ಸೆಲ್ಫು" ಎಂದ.

ಢಂ!

ಕಾರ್ಬ್ಯುರೇಟರಿನ ಬಾಯಿಂದ ಬೆಂಕಿ ಉಗುಳಿ, ಏರ್ ಫಿಲ್ಟರಿನ ಮುಚ್ಚಳ ಹಾರಿ ಶೆಡ್ಡಿನ ತಗಡಿಗೆ ಬಡಿದು ಕೆಳಗೆ ಬಂದು, ತನ್ನಷ್ಟಕ್ಕೆ ತಾನು ಗರಗರ ಸುತ್ತಿ ಮಲಗಿತು. ಕಿವಿಯಪ್ಪನಿಗೆ ಒಂದು ವರ್ಷದಲ್ಲಿ ಇಷ್ಟು ಸ್ಪಷ್ಟವಾಗಿ ಯಾವುದೂ ಕೇಳಿಸಿರಲಿಲ್ಲ.

ಭಾವಮೈದ ಲಾರಿಯಿಂದ ಇಣುಕಿದ. "ಭಾವ, ಇದು ಟೈಮಿಂಗಾ, ಪಟಾಕಿನಾ?"

"ಮಾಲು ನಕಲಿ" ಎಂದ ಕಿವಿಯಪ್ಪ, ರೆಪ್ಪೆ ಮಿಟುಕಿಸದೆ. "ಆ ಕಾರ್ಯದರ್ಶಿ ನಂಗೇ ನಕಲಿ ಮಾಲು ಕೊಡ್ತಾನಾ? ಹೋಗು, ಬೇರೆ ಇದ್ರೆ ತಗೊಂಡು ಬಾ. ಇಲ್ದಿದ್ರೆ ಅವನನ್ನೇ ಕರ್ಕೊಂಡು ಬಾ."

ಕುಣಿಯಲಾರದವನಿಗೆ ನೆಲ ಡೊಂಕು. ಭಾವಮೈದ ನಗುತ್ತ ಹೋದ. ಶೆಡ್ಡಿನಲ್ಲಿ ಕಿವಿಯಪ್ಪ, ಲಾರಿ, ಹಾರಿಬಿದ್ದ ಮುಚ್ಚಳ ಮೂರೇ ಉಳಿದವು. ನಾಳೆ ಇದೇ ಢಂ ಇಪ್ಪತ್ತಮೂರು ಸದಸ್ಯರ ಎದುರಿಗೆ ಆಗುವುದನ್ನು ಅವನು ಕಲ್ಪಿಸಿಕೊಂಡ. ನಾಡಿದ್ದಿನಿಂದ ತನ್ನನ್ನು ಏನೆಂದು ಕರೆಯುತ್ತಾರೆ ಎಂಬುದನ್ನೂ ಕಲ್ಪಿಸಿಕೊಂಡ. ಬೆಂಚಿನ ಮೇಲೆ ಕುಕ್ಕರಿಸಿದ.

ಹೆಂಡತಿ ಬಂದಳು. ಕೈಯಲ್ಲಿ ಚಹಾ ಇರಲಿಲ್ಲ.

"ಹೆಬ್ಬೆಟ್ಟು ಇಟ್ಟು ನೋಡಿದ್ರಾ?"

"ನಿಂಗೇನೇ ಗೊತ್ತು?"

"ಗುರುತನ್ನ ನಂಬಬೇಡ, ಹೆಬ್ಬೆಟ್ಟನ್ನ ನಂಬು. ಮೂವತ್ತು ವರ್ಷದಿಂದ ಕಿಟಕಿಯಲ್ಲಿ ಕೇಳ್ತಾ ಇದೀನಿ. ನಿದ್ದೆಗಣ್ಣಲ್ಲೂ ಹೇಳ್ತೀನಿ. ಬಿಚ್ಚಿ ಪ್ಲಗ್ಗು. ಹ್ಯಾಂಡಲ್ ನೀವು ತಿರುಗ್ಸಿ, ಹೆಬ್ಬೆಟ್ಟು ನಂದು."

ಸೆರಗು ಸಿಕ್ಕಿಸಿ, ಸ್ಟೂಲ್ ಹತ್ತಿ, ತೂತಿನ ಮೇಲೆ ಹೆಬ್ಬೆಟ್ಟು ಒತ್ತಿ ನಿಂತಳು. ಅವನು ತಿರುಗಿಸಿದ. ಗುರುತು ಮುಳ್ಳಿಗೆ ಬಂತು. ಅವಳು ತಲೆಯಾಡಿಸಿದಳು: ಇಲ್ಲ. ಇನ್ನೊಂದು ಸುತ್ತು ತಿರುಗಿಸಿದ.

"ಅಯ್ಯಬ್ಬ! ತಳ್ಳಿತು ರೀ. ಇದೇ, ಇದೇ! ಫುಸ್ ಅಂತು, ಕೇಳಿಸ್ಲಿಲ್ವಾ?"

ಅವನು ಬಗ್ಗಿ ಸ್ಪಾನರ್ ಹುಡುಕಿದ. ಅವಳು ಮತ್ತೆ ಕೇಳಲಿಲ್ಲ. ಮೂವತ್ತು ವರ್ಷದ ಸಂಸಾರದಲ್ಲಿ ಅವರು ಅಷ್ಟರ ಮಟ್ಟಿಗೆ ಪರಸ್ಪರ ಮರ್ಯಾದೆ ಕಾಪಾಡಿಕೊಂಡು ಬಂದಿದ್ದರು.

ಹೊಗೆಯ ಸರದಿಗೆ ಕೂರಿಸಿದ್ದ ಡಿಸ್ಟ್ರಿಬ್ಯೂಟರನ್ನು ಎತ್ತಿ, ರೋಟರನ್ನು ಅರ್ಧ ಸುತ್ತು ತಿರುಗಿಸಿ, ಮತ್ತೆ ಇಳಿಸಿದ. ಪ್ಲಗ್ಗು ಹಾಕಿ ಸೆಲ್ಫ್ ಹೊಡೆದ. ಲಾರಿ ಒಂದು ಸಲ ಕೆಮ್ಮಿ ಎದ್ದು ಕೂತಿತು. ನಕಲಿ ಮಾಲು ಕ್ಷಣಮಾತ್ರದಲ್ಲಿ ಅಸಲಿಯಾಯಿತು.

ಇನ್ನು ಟೈಮಿಂಗ್. ಕಿವಿಯಪ್ಪ ಎಡಗೈ ಮಡ್‌ಗಾರ್ಡಿನ ಮೇಲಿಟ್ಟ, ಕಣ್ಣು ಮುಚ್ಚಿದ, ತಿರುಗಿಸಿದ. ಕಿವಿಯ ತುಂಬ ಒಂದೇ ಸಮನೆ ಗುಂಯ್ ಎಂಬ ಸದ್ದು, ಹಿಟ್ಟಿನ ಗಿರಣಿಯಲ್ಲಿ ನಿಂತ ಹಾಗೆ. ಅತ್ತ ತಿರುಗಿಸಿದರೂ ಗುಂಯ್, ಇತ್ತ ತಿರುಗಿಸಿದರೂ ಗುಂಯ್.

"ಈಗ ಸರಿಯಾಯ್ತು" ಎಂದಳು ಹೆಂಡತಿ.

ಕಣ್ಣು ಬಿಟ್ಟ. "ಏನು ಸರಿಯಾಯ್ತು?"

"ಇದೇ ಸದ್ದು. ಅಯ್ಯೋ, ಮತ್ತೆ ತಿರುಗ್ಸಿಬಿಟ್ರಲ್ಲ. ವಾಪಸ್ ತನ್ನಿ. ಇನ್ನೊಂಚೂರು. ಹಾಂ, ಅಲ್ಲೇ ಬಿಡಿ."

"ನಿಂಗೆ ಹೇಗೆ ಗೊತ್ತು?"

"ನೀವು ಬಾನೆಟ್ ಮುಚ್ಚೋ ಮುಂಚೆ ಯಾವಾಗ್ಲೂ ಇದೇ ಸದ್ದು ಬರೋದು. ಈ ಸದ್ದು ಬಂತು ಅಂದ್ರೆ ನಾನು ಒಲೆ ಮೇಲೆ ಚಹಾಕ್ಕೆ ಇಡೋದು. ನೀವು ಕಣ್ಣು ಮುಚ್ಕೊಂಡು ಇನ್ನೂ ನಾಲ್ಕು ನಿಮಿಷ ನಿಂತಿರ್ತೀರಲ್ಲ, ಅಷ್ಟರಲ್ಲಿ ಅದು ಕುದ್ದಿರತ್ತೆ."

ಕಿವಿಯಪ್ಪ ಒಳಗೆ ಹೋಗಿ, ಕಂಬಳಿಗಳನ್ನು ಎತ್ತಿ, ಮಗಳು ಕೊಟ್ಟ ದೀಪ ತಂದ. ಹೆಂಡತಿ ಕಂಡೂ ಕಾಣದವಳಂತೆ ಲಾರಿಯ ಆಚೆ ಬದಿಗೆ ಹೋದಳು. ಪುಲ್ಲಿಯ ಮೇಲೆ ಬೆಳಕು ಬಿಟ್ಟು ನೋಡಿದ. ಗುರುತು ಮುಳ್ಳಿಗೆ ನೇರವಾಗಿ, ಗೆರೆ ಎಳೆದ ಹಾಗೆ ನಿಂತಿತ್ತು. ಪರೀಕ್ಷಿಸಲೆಂದೇ ಕೆಡಿಸಿದ, ಆಚೆಯಿಂದ ಅವಳು 'ಹಾಂ' ಎಂದಲ್ಲಿಗೆ ಮತ್ತೆ ತಂದ, ಹೀಗೆ ಮೂರು ಸಲ. ಮೂರು ಸಲವೂ ಗುರುತು ಅಲ್ಲೇ. ಅವನ ಎದೆಯಲ್ಲಿ ಹೆಮ್ಮೆಯೂ ಹೊಟ್ಟೆಕಿಚ್ಚೂ ಒಟ್ಟೊಟ್ಟಿಗೆ ಎದ್ದು, ಯಾರು ಮೊದಲು ಹೊರಡಬೇಕೆಂದು ಬಾಗಿಲಲ್ಲಿ ತಳ್ಳಾಡಿದವು.

ಬರಿಗೈಯಲ್ಲಿ ವಾಪಸು ಬಂದ ಭಾವಮೈದನನ್ನು ಸರಿಯಾದ ಲಾರಿ ತೋರಿಸಿ ಕಳಿಸಿದ ಮೇಲೆ, ಸಂಜೆಗೆ ಒಪ್ಪಂದವಾಯಿತು. ಸೂಚಿಸಿದವನು ಅವನೇ, ಬಲು ದೊಡ್ಡತನದಿಂದ, ಅವಳಿಗೇ ಉಪಕಾರ ಮಾಡುವವನ ಹಾಗೆ.

"ನಾಳೆ ನೀನು ಲಾರಿ ಎದುರಿಗೆ ನಿಂತಿರು. ಕೈಚೀಲ ಎಡಗೈಲಿ ಇರ್ಲಿ. ಸದ್ದು ಸರಿಯಾದ ತಕ್ಷಣ ಬಲಗೈಗೆ ಬದಲಾಯಿಸ್ಕೋ. ನಾನು ನೋಡ್ಕೋತೀನಿ."

"ಇದಕ್ಕಿಂತ ನಿಜ ಹೇಳೋದು ಸುಲಭ ಅಲ್ವೇನ್ರೀ?"

"ಸನ್ಮಾನದ ದಿನ ಯಾರಾದ್ರೂ ನಿಜ ಹೇಳ್ತಾರೇನೇ?"

ಅವಳು ಕೈಚೀಲವನ್ನು ಎಡಗೈಗೆ ಹಾಕಿ ನೋಡಿದಳು. "ಸರಿ. ಆದ್ರೆ ಒಂದು. ಅಪ್ಪನ ಲಾರಿ ಅದು. ತಪ್ಪು ಟೈಮಿಂಗಲ್ಲಿ ಕುರ್ಚಿ ತುಂಬ್ಕೊಂಡು ಏರು ಹತ್ತಿ ಎಂಜಿನ್ ಹೋಯ್ತೋ, ನಿಮ್ಮ ಫಲಕ ಒಲೆಗೆ ಹಾಕ್ತೀನಿ."

ಭಾನುವಾರ ಬೆಳಿಗ್ಗೆ ಸಭಾಂಗಣದ ಅಂಗಳದಲ್ಲಿ ಕುರ್ಚಿಗಳನ್ನು ಇಳಿಸಿಕೊಂಡ ಲಾರಿ ಬಾನೆಟ್ ತೆರೆದು ನಿಂತಿತ್ತು. ಸದಸ್ಯರು, ಅವರ ಮನೆಯವರು, ದಾರಿಹೋಕರು ಸೇರಿ ನೂರರಷ್ಟು ಜನ. ಸಭೆ ಮುಗಿದ ಮೇಲೆ ಅವೇ ಕುರ್ಚಿಗಳನ್ನು ಹೊತ್ತು ಲಾರಿ ಏರು ಹತ್ತಿ ವಾಪಸು ಹೋಗಬೇಕು. ಕಾರ್ಯದರ್ಶಿ ಜನರ ಎದುರಿಗೇ ಡಿಸ್ಟ್ರಿಬ್ಯೂಟರಿನ ಬೋಲ್ಟ್ ಸಡಿಲಿಸಿ, ಟೈಮಿಂಗ್ ಕೆಡಿಸಿ, ಮೈಕನ್ನು ಸ್ಟ್ಯಾಂಡಿಗೆ ಹಾಕಿ ಎಂಜಿನ್ನಿನ ಪಕ್ಕದಲ್ಲೇ ನಿಲ್ಲಿಸಿದ.

"ಮಹನೀಯರೇ, ಎಂಜಿನ್ನಿನ ನಾಡಿಮಿಡಿತ ತಮಗೂ ಕೇಳಿಸಲಿ ಎಂದು ಈ ವ್ಯವಸ್ಥೆ. ದಯವಿಟ್ಟು ನಿಶ್ಶಬ್ದ!"

ಕಿವಿಯಪ್ಪ ಇಸ್ತ್ರಿ ಮಾಡಿದ ಅಂಗಿಯ ತೋಳು ಮಡಿಸಿ ಲಾರಿಯ ಮುಂದೆ ನಿಂತ. ಎದುರಿಗೆ ಮೊದಲ ಸಾಲಿನಲ್ಲಿ ಹೆಂಡತಿ, ಎಡಗೈಯಲ್ಲಿ ಕೈಚೀಲ. ಎಲ್ಲ ಸರಿಯಾಗಿತ್ತು. ಎಡಗೈ ಮಡ್‌ಗಾರ್ಡಿನ ಮೇಲಿಟ್ಟ, ಬಲಗೈ ಡಿಸ್ಟ್ರಿಬ್ಯೂಟರಿನ ಮೇಲೆ.

"ಕಣ್ಣು ಮುಚ್ಚಿ ಭಾವ!" ಎಂದು ಕೂಗಿದ ಭಾವಮೈದ. "ಕಣ್ಣು ಮುಚ್ದೆ ಇದ್ರೆ ಕಿವಿಯಪ್ಪ ಹೇಗಾಗ್ತೀರಿ?"

ಜನ ನಕ್ಕರು, ಚಪ್ಪಾಳೆ ತಟ್ಟಿದರು, "ಕಣ್ಣು, ಕಣ್ಣು" ಎಂದರು.

ಕೈಚೀಲದ ಏರ್ಪಾಟನ್ನು ಅಷ್ಟು ಜಾಣತನದಿಂದ ಮಾಡಿದವನಿಗೆ ಮೂವತ್ತೈದು ವರ್ಷದಿಂದ ತಾನು ಕಣ್ಣು ಮುಚ್ಚಿಯೇ ಕೆಲಸ ಮಾಡುವವನು ಎಂಬುದು ಹೊಳೆದೇ ಇರಲಿಲ್ಲ. ಹೊಳೆಯಬೇಕಾದರೂ ಹೇಗೆ? ಯಾರೂ ತಮ್ಮ ಕಣ್ಣು ಮುಚ್ಚಿದ ಮುಖವನ್ನು ತಾವು ನೋಡಿಕೊಂಡಿರುವುದಿಲ್ಲ.

ಕಣ್ಣು ಮುಚ್ಚಿದ. ಕಿವಿಯಲ್ಲಿ ಗುಂಯ್. ಕಣ್ಣಲ್ಲಿ ಕತ್ತಲೆ. ಕೈ ತಾನಾಗಿ ತಿರುಗಿಸಿತು. ಒಂದು ನಿಮಿಷ ಕಳೆಯಿತು, ಎರಡಾಯಿತು. ಇಲ್ಲೇ ಎಲ್ಲೋ "ಹೂಂ" ಎಂದು ಬೋಲ್ಟ್ ಬಿಗಿದುಬಿಡಬಹುದು. ಲೈಟಿನಲ್ಲಿ ಐದಾರು ಡಿಗ್ರಿ ಆಚೀಚೆ ಕಂಡರೆ ಲೈಟೇ ನಕಲಿ ಎನ್ನಬಹುದು; ಜನ ನಂಬುತ್ತಾರೆ, ಅವರಿಗೆ ನಂಬುವುದು ಬೇಕಿದೆ. ಆಮೇಲೆ ಇನ್ನೂರು ಕುರ್ಚಿ ಹೊತ್ತ ಲಾರಿ ಏರು ಹತ್ತುವಾಗ ಒಳಗೆ ಟಕಟಕ ಮೊಳೆ ಹೊಡೆಯುವ ಸದ್ದು. ಅದನ್ನು ಓಡಿಸುವ ಭಾವಮೈದ ಹಾಡು ಹೇಳಿಕೊಂಡು ಓಡಿಸುವವನು, ಅವನಿಗೂ ಕೇಳಿಸುವುದಿಲ್ಲ. ಕೈಯ ಕೆಳಗೆ ಮಡ್‌ಗಾರ್ಡು ನಡುಗುತ್ತಿತ್ತು, ನಂಬಿ ಕೈ ಕೊಟ್ಟವರ ಹಾಗೆ.

ಕಿವಿಯಪ್ಪ ಕಣ್ಣು ಬಿಟ್ಟ.

ಎದುರಿಗೆ ಅವನ ಹೆಂಡತಿ ಕೈಚೀಲವನ್ನು ಎಡಗೈಯಿಂದ ಬಲಗೈಗೆ, ಬಲಗೈಯಿಂದ ಎಡಗೈಗೆ, ರೈಲಿನವರು ಬಾವುಟ ಬೀಸುವ ಹಾಗೆ ಬದಲಾಯಿಸುತ್ತಿದ್ದಳು. ಅವನ ಕೈ ಸರಿಯಾದ ಜಾಗವನ್ನು ದಾಟಿ ದಾಟಿ ಹೋಗಿ ಬಂದು ಮಾಡಿತ್ತು. ಪಕ್ಕದ ಹೆಂಗಸು "ಕೈ ನೋವಾ ಅಕ್ಕ? ಇಲ್ಲಿ ಕೊಡಿ, ನಾನು ಹಿಡ್ಕೋತೀನಿ" ಎಂದು ಚೀಲಕ್ಕೆ ಕೈ ಹಾಕಿದ್ದಳು. ಹೆಂಡತಿ ಕೊಡಲೊಲ್ಲಳು, ಆಕೆ ಬಿಡಲೊಲ್ಲಳು.

ಅವನಿಗೆ ನಗು ಬಂದುಬಿಟ್ಟಿತು. ಸನ್ಮಾನದ ದಿನ ಬರಬಾರದ ನಗು.

"ಬಾರೇ ಇಲ್ಲಿ" ಎಂದ. "ನೀನೇ ಇಡು. ನಂಗೆ ಕೇಳಿಸ್ತಿಲ್ಲ. ಒಂದು ವರ್ಷ ಆಯ್ತು, ಈ ಕಿವಿಗೆ ಏನೂ ಕೇಳಿಸ್ತಿಲ್ಲ."

ಹೆಂಡತಿಗೆ ಮಾತ್ರ ಹೇಳಿದ ಮಾತು ಅದು. ಆದರೆ ಎಂಜಿನ್ನಿನ ನಾಡಿಮಿಡಿತಕ್ಕೆಂದು ಇಟ್ಟ ಮೈಕು ಅವನ ಗಡ್ಡದ ಕೆಳಗೇ ಇತ್ತು. 'ಏನೂ ಕೇಳಿಸ್ತಿಲ್ಲ' ಎಂಬುದು ಎರಡು ಸ್ಪೀಕರುಗಳಿಂದ ಹೊರಟು, ಸಭಾಂಗಣದ ಗೋಡೆಗೆ ಬಡಿದು, ರಸ್ತೆಯಾಚೆಯ ಮನೆಗಳಿಗೂ ತಲುಪಿತು.

ಹೆಂಡತಿ ಕೈಚೀಲವನ್ನು ಪಕ್ಕದ ಹೆಂಗಸಿಗೇ ಕೊಟ್ಟು ಬಂದಳು. ಡಿಸ್ಟ್ರಿಬ್ಯೂಟರನ್ನು ಎರಡೂ ಕೈಯಲ್ಲಿ, ಡಬ್ಬಿಯ ಮುಚ್ಚಳ ತಿರುಗಿಸುವವಳ ಹಾಗೆ ಹಿಡಿದು, ಇತ್ತ ತಿರುಗಿಸಿ, ತುಸು ಅತ್ತ ತಂದು, "ಹೂಂ, ಬಿಗೀರಿ" ಎಂದಳು. ಅರ್ಧ ನಿಮಿಷ. ಕಣ್ಣು ಮುಚ್ಚಲಿಲ್ಲ. ಕಿವಿಯಪ್ಪ ಬೋಲ್ಟ್ ಬಿಗಿದ. ಕಾರ್ಯದರ್ಶಿ ಲೈಟ್ ಹಿಡಿದು ಬಗ್ಗಿ ನೋಡಿದ, ಎದ್ದ, ಮತ್ತೆ ಬಗ್ಗಿ ನೋಡಿದ. ಒಂದೇ ಒಂದು ಡಿಗ್ರಿಯೂ ಆಚೀಚೆ ಇರಲಿಲ್ಲ.

ಜನ ಈಗ ಬೈಯುತ್ತಾರೆ ಎಂದುಕೊಂಡ ಕಿವಿಯಪ್ಪ ತಲೆ ತಗ್ಗಿಸಿದ. ಕಾರ್ಯದರ್ಶಿ ಮೈಕ್ ಕಿತ್ತುಕೊಂಡ.

"ನೋಡಿದಿರಾ ಮಹನೀಯರೇ! ಇದಪ್ಪಾ ವಿನಯ! ತಮ್ಮ ಕಿವಿಯ ವಿದ್ಯೆಯನ್ನು ಮನೆಯವರಿಗೂ ಧಾರೆ ಎರೆದು, ಇಂದು ತಮಗೆ ಏನೂ ಕೇಳಿಸುವುದಿಲ್ಲ ಎಂದು ಅವರನ್ನೇ ಮುಂದೆ ಮಾಡಿದ್ದಾರೆ! ಕಿವಿ ಇರುವವರು ಸಿಗಬಹುದು, ಇಂಥ ದೊಡ್ಡ ಮನಸ್ಸು ಎಲ್ಲಿ ಸಿಗುತ್ತದೆ?"

ಚಪ್ಪಾಳೆ ನಿಲ್ಲಲೇ ಇಲ್ಲ.

"ಇಲ್ಲ ಮಾರಾಯ್ರೇ, ನಿಜವಾಗ್ಲೂ ಕೇಳಿಸಲ್ಲ" ಎಂದ ಕಿವಿಯಪ್ಪ.

"ಅಬ್ಬಬ್ಬಾ, ಮತ್ತೆ ವಿನಯ!" ಎಂದ ಕಾರ್ಯದರ್ಶಿ.

ಮೂರನೇ ಸಲವೂ ಹೇಳಿ ನೋಡಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬಾಳಿನಲ್ಲಿ ಮೊದಲ ಸಲ ಕಿವಿಯಪ್ಪ ಆಡಿದ ಅಪ್ಪಟ ನಿಜ ಹೀಗೆ ಅವನ ಕೀರ್ತಿಗೇ ಜಮೆಯಾಯಿತು. ಫಲಕವನ್ನು ಅವನ ಕೈಗೇ ಕೊಟ್ಟರು. ಹೆಂಡತಿಗೆ ಕೈಚೀಲ ವಾಪಸು ಸಿಕ್ಕಿತು.

ಕುರ್ಚಿ ತುಂಬಿದ ಲಾರಿಯಲ್ಲಿ ಮೂವರೂ ಮನೆಗೆ ಹೊರಟರು. ಏರು ಬಂತು. ಭಾವಮೈದ ಹಾಡು ಶುರುಮಾಡಿದ.

"ಬಾಯಿ ಮುಚ್ಚೋ" ಎಂದಳು ಅಕ್ಕ. ಏರು ಮುಗಿಯುವ ತನಕ ಹುಬ್ಬು ಗಂಟಿಕ್ಕಿ, ತಲೆ ಓರೆ ಮಾಡಿಕೊಂಡು ಕೂತಿದ್ದಳು. ಕಿವಿಯಪ್ಪ ಎಂಜಿನ್ನಿನ ಕಡೆ ನೋಡಲಿಲ್ಲ. ಅವಳ ಮುಖವನ್ನೇ ನೋಡುತ್ತಿದ್ದ. ಮೇಲೆ ತಲುಪಿದಾಗ ಅವಳ ಹುಬ್ಬು ಸಡಿಲವಾಯಿತು. ಮೊಳೆ ಹೊಡೆಯುವ ಸದ್ದು ಇಲ್ಲವೆಂದು ಅವನಿಗೆ ಗೊತ್ತಾದದ್ದು ಹಾಗೆ.

ಈಗ ಫಲಕ ಅಡುಗೆಮನೆಯ ಕಿಟಕಿಯ ಮೇಲಿದೆ. ಅಲ್ಲಿಯೇ ಇರಬೇಕೆಂದು ಹೇಳಿದವನು ಅವನೇ, ಮೊಳೆ ಹೊಡೆದವನೂ ಅವನೇ. ಕಿವಿ ಡಾಕ್ಟರ ಹತ್ತಿರವೂ ಹೋಗಿಬಂದ, ಗುರುತು ಸಿಗದ ಹಾಗೆ ಟೋಪಿ ಹಾಕಿಕೊಂಡು. ಸಂಘದ ಒಂಬತ್ತು ವಾಹನಗಳು ಈಗಲೂ ಶೆಡ್ಡಿಗೇ ಬರುತ್ತವೆ. ಡಿಸ್ಟ್ರಿಬ್ಯೂಟರ್ ಕೀಳುವುದು, ಗುರುತು ಹಾಕಿಕೊಳ್ಳುವುದು, ಹೆಬ್ಬೆಟ್ಟು ಒತ್ತುವುದು, ಕೂರಿಸುವುದು ಎಲ್ಲ ಅವನದೇ. ಕೊನೆಗೆ "ಲೇ, ಬಾ" ಎನ್ನುತ್ತಾನೆ. ಅವಳು ಕೈ ಒರೆಸಿಕೊಳ್ಳುತ್ತ ಶೆಡ್ಡಿಗೆ ಬರುತ್ತಾಳೆ. ಅವನು ಕೈ ತೊಳೆದುಕೊಂಡು ಚಹಾಕ್ಕೆ ಇಡಲು ಒಳಗೆ ಹೋಗುತ್ತಾನೆ.

ಕಷ್ಟ ಇರುವುದು ಅಲ್ಲೇ. ಸದ್ದು ಯಾವಾಗ ಸರಿಯಾಯಿತೆಂದು ಅವನಿಗೆ ಒಳಗಿಂದ ಕೇಳಿಸುವುದಿಲ್ಲ. ಬೇಗ ಇಟ್ಟರೆ ಚಹಾ ಕುದ್ದು ಕಹಿಯಾಗುತ್ತದೆ, ತಡವಾಗಿ ಇಟ್ಟರೆ ಅವಳು ಬಂದು ಖಾಲಿ ಲೋಟ ನೋಡಿ ಸೊಂಟದ ಮೇಲೆ ಕೈ ಇಡುತ್ತಾಳೆ. ಆದ್ದರಿಂದ ಮೂವತ್ತೈದು ವರ್ಷ ಎಂಜಿನ್ನಿನ ಗಳಿಗೆ ಹಿಡಿದ ಮನುಷ್ಯ ಈಗ ಪಾತ್ರೆಗೆ ನೀರು ತುಂಬಿ, ಕಡ್ಡಿಪೆಟ್ಟಿಗೆ ಕೈಯಲ್ಲಿ ಹಿಡಿದು, ಫಲಕದ ಕೆಳಗೆ ಕಿಟಕಿಗೆ ಕಣ್ಣು ಕೊಟ್ಟು ನಿಂತಿರುತ್ತಾನೆ. ಅವಳ ಹುಬ್ಬು ಸಡಿಲವಾಗುವುದು ಕಂಡ ತಕ್ಷಣ ಕಡ್ಡಿ ಗೀರುತ್ತಾನೆ.

ಇದುವರೆಗೆ ಎರಡು ಸಲ ಸರಿಯಾಗಿದೆ.